ಕುಯ್ಲು ಮುಗಿಯುವ ತನಕ ಕಾಯದ ಗಂಟು

ಕೇಳುಗರೆಲ್ಲರಿಗೂ ನಮಸ್ಕಾರ.

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಗೆ ಕ್ಯಾನ್ಸರ್ ಬಂದವರಲ್ಲಿ ಹತ್ತಕ್ಕೆ ಎಂಟು ಮಂದಿಗೆ ಬರುವುದು ಪ್ಯಾಪಿಲರಿ ಎಂಬ ನಿಧಾನದ ಬಗೆ. ಗ್ರಂಥಿಯೊಳಗೇ ಇರುವಾಗ ಚಿಕಿತ್ಸೆಯಾದರೆ ಐದು ವರ್ಷದ ನಂತರವೂ ನೂರಕ್ಕೆ 98ಕ್ಕಿಂತ ಹೆಚ್ಚು ಮಂದಿ ಬದುಕಿರುತ್ತಾರೆ. ಇಷ್ಟು ಗುಣವಾಗುವ ಕಾಯಿಲೆಯಲ್ಲೂ ಆದಾಯ ಕಡಿಮೆ ಇರುವವರು, ವಿಮೆ ಇಲ್ಲದವರು ತಡವಾಗಿ ಬರುತ್ತಾರೆ, ಹೆಚ್ಚು ಸಾಯುತ್ತಾರೆ. ಅಮೆರಿಕದ ಕ್ಯಾನ್ಸರ್ ನೋಂದಣಿಗಳನ್ನು ನೋಡಿದವರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ.

ಆದರೆ ಅಂಕಿಗಳನ್ನು ನಂಬುವಾಗ ಒಂದು ಎಚ್ಚರ ಬೇಕು. ದಕ್ಷಿಣ ಕೊರಿಯಾದಲ್ಲಿ 1999ರ ನಂತರ ಕ್ಯಾನ್ಸರ್ ತಪಾಸಣೆಗೆ ಹೋದ ಅನೇಕರಿಗೆ ಕುತ್ತಿಗೆಯ ಸ್ಕ್ಯಾನಿಂಗನ್ನೂ ಮಾಡತೊಡಗಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರ ಹದಿನೈದು ಪಟ್ಟಾಯಿತು, ಸಾವು ಮಾತ್ರ ಹಾಗೇ ಉಳಿಯಿತು. ಎಂದೂ ತೊಂದರೆ ಕೊಡದ ಸಣ್ಣ ಗಂಟುಗಳೂ ಲೆಕ್ಕಕ್ಕೆ ಸೇರಿದ್ದವು. ಹಣವಿರುವಲ್ಲಿ ಬದುಕುಳಿಯುವ ಪ್ರಮಾಣ ಚೆನ್ನಾಗಿ ಕಾಣುವುದರಲ್ಲಿ ಇದರ ಪಾಲೂ ಇದೆ. ಹಾಗಾಗಿ ಎಲ್ಲರೂ ಸ್ಕ್ಯಾನಿಂಗ್‌ಗೆ ಓಡಬೇಕಿಲ್ಲ. ಕೈಗೆ ಸಿಗುವ ಗಂಟನ್ನು ಬಿಟ್ಟು ಕೂರುವುದೇ ನಮ್ಮಲ್ಲಿರುವ ತೊಡಕು.

ಕೊಡಗಿನಲ್ಲಿ ಈ ತಡಕ್ಕೆ ಒಂದು ಕ್ಯಾಲೆಂಡರೇ ಇದೆ. ಡಿಸೆಂಬರಿನಿಂದ ಕಾಫಿ ಕುಯ್ಲು, ಕೂಲಿ ಬಿಡುವಂತಿಲ್ಲ. ಜೂನ್‌ನಿಂದ ಮಳೆ, ಘಾಟಿ ರಸ್ತೆ ನಂಬುವಂತಿಲ್ಲ. ರೈಲಂತೂ ಇಲ್ಲ. ಗಂಟು ನೋಯುವುದೂ ಇಲ್ಲ, ಹಾಗಾಗಿ ವರ್ಷ ಉರುಳಿಹೋಗುತ್ತದೆ. ಗಂಟು ಗಟ್ಟಿಯಾಗಿದ್ದರೆ, ಬೇಗ ಬೆಳೆಯುತ್ತಿದ್ದರೆ, ಧ್ವನಿ ಒಡೆದಿದ್ದರೆ, ನುಂಗಲು ತಡೆದರೆ, ಕುತ್ತಿಗೆಯ ಪಕ್ಕದಲ್ಲಿ ಇನ್ನೊಂದು ಗೆಡ್ಡೆ ಕಂಡರೆ ಕುಯ್ಲು ಮುಗಿಯಲಿ ಎಂದು ಕಾಯಬೇಡಿ. ಅಜ್ಜಿಗೆ ಇಪ್ಪತ್ತು ವರ್ಷದಿಂದ ಇದ್ದ ಗಳಗಂಡ ಕೆಲವೇ ವಾರಗಳಲ್ಲಿ ದೊಡ್ಡದಾದರೆ ಅದೇ ವಾರ ಹೊರಡಿ. ಅದು ಅನಾಪ್ಲಾಸ್ಟಿಕ್ ಎಂಬ ಅಪರೂಪದ ಬಗೆ ಇರಬಹುದು. ಅಲ್ಲಿ ಬದುಕಿನ ಲೆಕ್ಕ ತಿಂಗಳುಗಳದ್ದು.

ಮೊದಲು ಸ್ಕ್ಯಾನಿಂಗ್, ಆಮೇಲೆ ಬೇಕಾದರೆ ಸೂಜಿ ಪರೀಕ್ಷೆ. ಹತ್ತು ಗಂಟುಗಳಲ್ಲಿ ಒಂಬತ್ತು ಕ್ಯಾನ್ಸರ್ ಅಲ್ಲವೆಂದೇ ತಿಳಿಯುತ್ತದೆ. ದೊಡ್ಡ ಊರಿಗೆ ಹೋಗುವ ಮೊದಲು ಆಧಾರ್, ರೇಷನ್ ಕಾರ್ಡ್ ಹಿಡಿದು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಪಡೆಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಚೀಟಿಯಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ದಾಖಲಾದವರು ಬಿಲ್ಲಿನ ಮುಂದೆ ಕೈಚೆಲ್ಲುತ್ತಾರೆ. ಬಸ್ಸು, ಜೊತೆಗಾರರ ಊಟ, ಹೋದ ಕೂಲಿ ಈ ಯೋಜನೆಯಲ್ಲಿ ಬರುವುದಿಲ್ಲ. ಈ ರೋಗ ಹೆಂಗಸರಲ್ಲಿ ಗಂಡಸರಿಗಿಂತ ಮೂರು ಪಟ್ಟು. ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಇಲ್ಲವೆಂಬುದು ಸಣ್ಣ ಸಹಾಯವೇನಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರನ್ನು ಕೇಳಿ: ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ? 25ಕ್ಕಿಂತ ಹೆಚ್ಚು ಮಾಡುವವರಲ್ಲಿ ಧ್ವನಿನರಕ್ಕೆ ಪೆಟ್ಟು, ಕ್ಯಾಲ್ಸಿಯಂ ಕುಸಿತದಂಥ ತೊಂದರೆಗಳು ಕಡಿಮೆ. ಕೇಳಲು ಸಂಕೋಚ ಬೇಡ. ಸಣ್ಣ, ಅಪಾಯ ಕಡಿಮೆಯಿರುವ ಗಡ್ಡೆಗೆ ಅರ್ಧ ಗ್ರಂಥಿ ತೆಗೆದರೂ ಸಾಕಾಗಬಹುದು, ಉಳಿದ ಥೈರಾಯ್ಡ್ ಕಣಗಳನ್ನು ನಾಶಮಾಡುವ ವಿಕಿರಣ ಅಯೋಡಿನ್ ಕೂಡ ಬೇಡವಾಗಬಹುದು. ಅದನ್ನು ಬಡವರ ಚಿಕಿತ್ಸೆ ಎಂದುಕೊಳ್ಳಬೇಡಿ.

ವಿಕಿರಣ ಅಯೋಡಿನ್ ಬೇಕಾದವರಿಗೆ ಕಷ್ಟ ಜಾಸ್ತಿ. ಗ್ರಂಥಿ ತೆಗೆದ ಮೇಲೆ ಕೊಡುವ ಥೈರಾಯ್ಡ್ ಮಾತ್ರೆಯನ್ನು ಮೂರು–ನಾಲ್ಕು ವಾರ ನಿಲ್ಲಿಸಬೇಕು. ಮೈ ಭಾರ, ಸುಸ್ತು, ತೋಟದ ಕೆಲಸ ಆಗದು. ಅಂದರೆ ಒಂದು ತಿಂಗಳ ಕೂಲಿಯೇ ಹೋದಂತೆ. ಮಾತ್ರೆ ನಿಲ್ಲಿಸದೆ ಚುಚ್ಚುಮದ್ದಿನಿಂದಲೂ ತಯಾರಾಗಬಹುದು, ಆದರೆ ಅದು ದುಬಾರಿ. ಒಂದೆರಡು ವಾರ ಅಯೋಡಿನ್ ಕಡಿಮೆಯಿರುವ ಊಟವೂ ಬೇಕು: ಅಯೋಡಿನ್ ಬೆರೆಸದ ಉಪ್ಪು ಹಾಕಿದ ಅಕ್ಕಿ ರೊಟ್ಟಿ, ಕಡುಬು, ತರಕಾರಿ ಆಗುತ್ತದೆ. ಸಮುದ್ರದ ಮೀನು, ಒಣಮೀನು, ಹಾಲು, ಮೊಟ್ಟೆ, ಬೇಕರಿ ತಿಂಡಿ ಆಗದು. ಒಣಮೀನನ್ನು ಯಾರೂ ಮೀನಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಡವುವುದು ಅಲ್ಲೇ.

ಆಸ್ಪತ್ರೆಯಿಂದ ಬಂದ ಮೇಲೆ ಕೆಲವು ದಿನ ಬೇರೆ ಮಲಗಬೇಕು, ಮಕ್ಕಳಿಂದ, ಬಸುರಿಯರಿಂದ ದೂರವಿರಬೇಕು, ಆದಷ್ಟು ಬೇರೆ ಶೌಚಾಲಯ ಬಳಸಬೇಕು. ತೋಟದ ಕೆಲಸಗಾರರ ಒಂದೇ ಕೋಣೆಯ ಲೈನ್ ಮನೆಯಲ್ಲಿ ಇದು ಹೇಗೆ ಸಾಧ್ಯ? ದಾಖಲಾಗುವ ಮೊದಲೇ ಮನೆಯ ಪರಿಸ್ಥಿತಿ ಬಿಡಿಸಿ ಹೇಳಿ, ಹೆಚ್ಚು ದಿನ ಅಲ್ಲೇ ಇರಿಸಿಕೊಳ್ಳಲು ಕೇಳಿ. ಹೇಳದಿದ್ದರೆ ಅವರಿಗೆ ಗೊತ್ತಾಗದು. ತೋಟದ ಮಾಲೀಕರು ಆ ದಿನಗಳಿಗೆ ಖಾಲಿ ಕೋಣೆಯೊಂದನ್ನು ಬಿಟ್ಟುಕೊಟ್ಟರೆ ಅದು ದೊಡ್ಡ ಉಪಕಾರ.

ಗ್ರಂಥಿ ಪೂರ್ತಿ ತೆಗೆದವರಿಗೆ ಮಾತ್ರೆ ಜೀವನಪರ್ಯಂತ. ಅದರ ಪರಿಣಾಮ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ನಾಲ್ಕು ದಿನ ಬಿಟ್ಟರೂ ಏನೂ ಆಗಿಲ್ಲವೆನಿಸುತ್ತದೆ. ಹಾಗೆ ಬಿಟ್ಟುಬಿಟ್ಟವರಲ್ಲಿ ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಎಂಬ ಹಾರ್ಮೋನು ಏರುತ್ತದೆ, ಉಳಿದ ರೋಗಕಣಗಳಿಗೆ ಅದೇ ಗೊಬ್ಬರ. ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿಗೆ ಒಂದು ಗಂಟೆ ತಡೆಯಿರಿ. ಕಾಫಿ ಜೊತೆಗೆ ಹೋದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳದು. ನಸುಕಿಗೇ ಕೆಲಸಕ್ಕೆ ಹೊರಡುವವರು ವೈದ್ಯರನ್ನು ಕೇಳಿ, ರಾತ್ರಿ ಊಟವಾಗಿ ಮೂರು ಗಂಟೆಯ ಬಳಿಕ ತೆಗೆದುಕೊಳ್ಳಬಹುದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರವಿರಲಿ. ತೆಗೆದ ಗಡ್ಡೆಯನ್ನು ಪರೀಕ್ಷಿಸಿ ಕೊಟ್ಟ ಪಾಥಾಲಜಿ ವರದಿಯ ನಕಲು ಮನೆಯಲ್ಲಿರಲಿ, ಹತ್ತಿಪ್ಪತ್ತು ವರ್ಷದ ನಂತರವೂ ರೋಗ ಮರಳಬಹುದು, ಆಗ ಅದು ಬೇಕಾಗುತ್ತದೆ. ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲೇ ಮೂರು ತಿಂಗಳ ಮಾತ್ರೆ ತಂದು, ಒಲೆಯ ಬಳಿ ಅಲ್ಲ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮೂಲ ಪ್ಯಾಕಿನೊಳಗೇ ಇಡಿ.