ಕಲ್ಲಿದ್ದಲಿನ ಊರಲ್ಲಿ ಕತ್ತಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬಯಿಯ ಭಾಂಡುಪ್‌ನಲ್ಲಿ ನಮ್ಮ ಕಟ್ಟಡದ ಕೆಳಗೆ ಒಂದು ಚಿಕ್ಕ ಕೋಣೆ ಇದೆ. ಮೊದಲು ಸೊಸೈಟಿಯ ಹಳೆ ಕಡತ, ಮುರಿದ ಕುರ್ಚಿ ಇಡುತ್ತಿದ್ದ ಜಾಗ. ಈಗ ಪ್ರತಿ ಶನಿವಾರ ಸಂಜೆ ಅಲ್ಲಿ ಎಂಟು ಹತ್ತು ಮಕ್ಕಳು ಚಾಪೆ ಹಾಸಿಕೊಂಡು ಕೂರುತ್ತಾರೆ. 12ರಿಂದ 16 ವರ್ಷದವರು. ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡುವಾಗ ಮರಾಠಿ, ಜಗಳಕ್ಕೆ ಹಿಂದಿ. ನಮ್ಮಲ್ಲಿ ಇರುವುದು ಒಂದೇ ನಿಯಮ. ಪುಸ್ತಕ ಯಾವ ಭಾಷೆಯಲ್ಲಾದರೂ ಓದಿ, ಆದರೆ ಅದರ ಕಥೆಯನ್ನು ಇಲ್ಲಿ ಬಂದು ಕನ್ನಡದಲ್ಲಿ ಹೇಳಬೇಕು.

ಈ ಮಕ್ಕಳು ತರುವ ಪುಸ್ತಕಗಳಲ್ಲಿ ಒಂದು ಜಾತಿಯವು ಜಾಸ್ತಿ. ಒಂದು ಊರು ಇರುತ್ತದೆ. ಎಲ್ಲ ಅಚ್ಚುಕಟ್ಟು. ಹಸಿವಿಲ್ಲ, ಗಲಾಟೆ ಇಲ್ಲ, ಎಲ್ಲರಿಗೂ ಅವರವರ ಜಾಗ, ಅವರವರ ಕೆಲಸ. ಕಥೆ ಮುಂದೆ ಹೋದ ಹಾಗೆ ಆ ಊರಿನ ಸುಖಕ್ಕೆ ಬೇರೆ ಯಾರೋ ಬೆಲೆ ತೆರುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಡಿಸ್ಟೋಪಿಯಾ ಅನ್ನುತ್ತಾರೆ. ಕನ್ನಡದಲ್ಲಿ ಏನು ಹೇಳೋದು ಅಂತ ಮಕ್ಕಳು ಅರ್ಧ ಗಂಟೆ ಒದ್ದಾಡಿದರು. ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತಿದ್ದ ಒಬ್ಬ ಅಜ್ಜಿ, "ಹೊರಗೆ ಥಳಕು, ಒಳಗೆ ಹುಳುಕು ಅನ್ನಿ, ಮುಗೀತು" ಅಂದರು. ಅವತ್ತಿನಿಂದ ನಮ್ಮ ಕೋಣೆಯಲ್ಲಿ ಅವು ಹುಳುಕಿನ ಕಥೆಗಳು.

ದೊಡ್ಡವರು ಇವನ್ನು ಮಕ್ಕಳ ಪುಸ್ತಕ ಅಂತ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ನಾನೂ ಇಟ್ಟಿದ್ದೆ. ಮಕ್ಕಳ ಬಾಯಲ್ಲಿ ಕನ್ನಡದಲ್ಲಿ ಕೇಳಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅದು ಹೇಗೆ ಅಂತ ಇವತ್ತು ಹೇಳುತ್ತೇನೆ.

ಮೊದಲು ಬಂದ ಪುಸ್ತಕ 'ದಿ ಗಿವರ್'. ಬರೆದವರು ಲೋಯಿಸ್ ಲೌರಿ, ಅಮೆರಿಕದವರು, ವರ್ಷ 1993. ಮರುವರ್ಷ ಅದಕ್ಕೆ, ಮಕ್ಕಳ ಪುಸ್ತಕಗಳಿಗೆ ಅಲ್ಲಿ ಕೊಡುವ ನ್ಯೂಬೆರಿ ಪದಕ ಬಂತು. ಅದರಲ್ಲಿ ಜೋನಸ್ ಅಂತ ಒಬ್ಬ ಹುಡುಗ. ಅವನ ಊರಲ್ಲಿ 12 ವರ್ಷ ತುಂಬಿದ ಮಕ್ಕಳಿಗೆ ಹಿರಿಯರೇ ಕೆಲಸ ನಿಗದಿ ಮಾಡುತ್ತಾರೆ. ಕೆಲವು ಹೆಣ್ಣುಮಕ್ಕಳಿಗೆ ಹೆರುವುದೇ ಕೆಲಸ. ಮೂರು ಹೆರಿಗೆ ಆದ ಮೇಲೆ ಅವರನ್ನು ಬದುಕಿಡೀ ಕೂಲಿಗೆ ಹಾಕುತ್ತಾರೆ. ಊರಲ್ಲಿ ಯಾರಿಗೂ ಬಣ್ಣ ಕಾಣುವುದಿಲ್ಲ, ಬಿಸಿಲು ಮಳೆಯೂ ಹೇಳಿದ ಹಾಗೆ ಕೇಳುತ್ತದೆ. ಮುದುಕರನ್ನು, ತೂಕ ಕಮ್ಮಿ ಇರುವ ಕೂಸುಗಳನ್ನು ಅವರು 'ರಿಲೀಸ್' ಮಾಡುತ್ತಾರೆ. ಕಥೆ ಹೇಳುತ್ತಿದ್ದ ಹುಡುಗ ಅದಕ್ಕೆ 'ಬಿಡುಗಡೆ' ಅಂದ. ಎಷ್ಟು ಒಳ್ಳೆಯ ಪದ ಅಲ್ವಾ? ಕೂಸಿಗೆ ಬಿಡುಗಡೆ. ಪಕ್ಕದಲ್ಲಿ ಕೂತಿದ್ದ ಚಿಕ್ಕ ಹುಡುಗಿ ತಕ್ಷಣ ಕೇಳಿದಳು, "ಬಿಡುಗಡೆ ಮಾಡಿ ಎಲ್ಲಿಗೆ ಕಳಿಸ್ತಾರೆ?"

ಎಲ್ಲಿಗೂ ಕಳಿಸುವುದಿಲ್ಲ. ಸೂಜಿ ಚುಚ್ಚಿ ಕೊಲ್ಲುತ್ತಾರೆ. ಜೋನಸ್‌ನ ಅಪ್ಪ, ಮನೆಯಲ್ಲಿ ಕೂಸುಗಳನ್ನು ಮುದ್ದು ಮಾಡುವ ಅದೇ ಅಪ್ಪ, ಅವಳಿ ಕೂಸುಗಳಲ್ಲಿ ಚಿಕ್ಕದಕ್ಕೆ ಸೂಜಿ ಚುಚ್ಚುತ್ತಾನೆ, ಮಗ ಅದನ್ನು ಪರದೆಯ ಮೇಲೆ ನೋಡುತ್ತಾನೆ. ಹುಡುಗ ಇದನ್ನು ಹೇಳಿ ಮುಗಿಸಿದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಮಾತ್ರ ಆ ಚಿಕ್ಕವಳ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಆ ಊರಲ್ಲಿ ಎಷ್ಟೋ ವರ್ಷಗಳಿಂದ ಆ ಪದವನ್ನು ದಿನವೂ ಆಡುತ್ತಿದ್ದಾರೆ, ಎಲ್ಲಿಗೆ ಅಂತ ಒಬ್ಬರೂ ಪಟ್ಟು ಹಿಡಿದು ಕೇಳಲಿಲ್ಲ.

ನಮ್ಮ ಊರಲ್ಲೂ ಇಂಥ ಪದಗಳಿವೆ. ಟ್ರಾನ್ಸಿಟ್ ಕ್ಯಾಂಪ್ ಅಂದರೆ ದಾರಿಯಲ್ಲಿ ಸ್ವಲ್ಪ ದಿನ ತಂಗುವ ಜಾಗ. ಮನೆ ಕಳೆದುಕೊಂಡವರನ್ನು ಹೊಸದು ಸಿಗುವವರೆಗೆ ಇರಿಸುವ ಮುಂಬಯಿಯ ಟ್ರಾನ್ಸಿಟ್ ಕ್ಯಾಂಪ್‌ಗಳಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮಕ್ಕಳನ್ನು ಶಾಲೆಗೆ ಕಳಿಸಿದವರಿದ್ದಾರೆ. ಕಟ್-ಆಫ್ ಡೇಟ್ ಅನ್ನುವುದು ಇನ್ನೊಂದು. ಮೊದಲು 1995, ಆಮೇಲೆ 2000. ನಿನ್ನ ಗುಡಿಸಲು ಆ ತಾರೀಕಿನ ಒಳಗೆ ಕಟ್ಟಿದ್ದು ಅಂತ ಕಾಗದ ಇದ್ದರೆ ನೀನು ಲೆಕ್ಕಕ್ಕೆ ಸಿಗುತ್ತೀಯ, ಇಲ್ಲದಿದ್ದರೆ ಕುಡಿಯುವ ನೀರಿನ ಕನೆಕ್ಷನ್ ಕೂಡ ಸಿಗುತ್ತಿರಲಿಲ್ಲ. ಕೊನೆಗೆ 2014ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್, ಗುಡಿಸಲು ಅನಧಿಕೃತ ಅನ್ನುವ ಕಾರಣಕ್ಕೆ ನೀರು ಕೊಡದೇ ಇರುವಂತಿಲ್ಲ ಅಂತ ಹೇಳಬೇಕಾಯಿತು.

ಆಮೇಲೆ ಬಂತು 'ದಿ ಹಂಗರ್ ಗೇಮ್ಸ್'. ಸುಝಾನ್ ಕಾಲಿನ್ಸ್ ಬರೆದದ್ದು, 2008. ಇದರ ಸಿನಿಮಾ ನೋಡಿದವರು ಬಿಲ್ಲು ಬಾಣ, ಬೆಂಕಿ ಹತ್ತಿದ ಬಟ್ಟೆ ಇವನ್ನೇ ನೆನಪಿಟ್ಟುಕೊಂಡಿರುತ್ತಾರೆ. ನನಗೆ ನೆನಪಿರುವುದು ಅದರಲ್ಲಿನ ಲೆಕ್ಕ. ಪಾನೆಮ್ ಅನ್ನುವ ದೇಶ, ನಡುವೆ ಮಿಂಚುವ ರಾಜಧಾನಿ, ಅದರ ಹೆಸರೇ ಕ್ಯಾಪಿಟಲ್. ಸುತ್ತ 12 ಜಿಲ್ಲೆಗಳು. ಪ್ರತಿ ವರ್ಷ ಪ್ರತಿ ಜಿಲ್ಲೆಯಿಂದ ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಟ್ಟು 24 ಮಕ್ಕಳನ್ನು ಚೀಟಿ ಎತ್ತಿ ಆರಿಸುತ್ತಾರೆ. ಅವರು ಒಬ್ಬರನ್ನೊಬ್ಬರು ಕೊಲ್ಲಬೇಕು, ದೇಶವೆಲ್ಲ ಟಿವಿಯಲ್ಲಿ ನೋಡಬೇಕು.

ಚೀಟಿ ಅಂದರೆ ಎಲ್ಲರಿಗೂ ಒಂದೇ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಹಾಗಿಲ್ಲ. ಬಡವರ ಮಕ್ಕಳು ತಮ್ಮ ಹೆಸರನ್ನು ಇನ್ನೊಂದು ಸಲ ಬರೆಸಿದರೆ ಒಬ್ಬರಿಗೆ ವರ್ಷಕ್ಕೆ ಆಗುವಷ್ಟು ಕಾಳು, ಎಣ್ಣೆ ಸಿಗುತ್ತದೆ. ತಾಯಿಗೊಂದು, ತಂಗಿಗೊಂದು ಅಂತ ಬರೆಸುತ್ತಾ ಹೋಗಬೇಕು, ಚೀಟಿಗಳು ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಹೋಗುತ್ತವೆ. 16 ವರ್ಷದ ನಾಯಕಿ ಕ್ಯಾಟ್ನಿಸ್‌ಳ ಹೆಸರಲ್ಲಿ 20 ಚೀಟಿ. ಅವಳ ಗೆಳೆಯ ಗೇಲ್‌ಗೆ 18 ವರ್ಷ, ಅವನ ಹೆಸರಲ್ಲಿ 42. ಉಣ್ಣುವ ಬಾಯಿ ಅವನ ಮನೆಯಲ್ಲಿ ಜಾಸ್ತಿ, ಅಷ್ಟೇ. ನಮ್ಮ ಕೋಣೆಯ ಒಬ್ಬ ಹುಡುಗ ಕಾಗದ ಪೆನ್ನು ತೆಗೆದುಕೊಂಡು ಇದನ್ನು ಕೂಡಿಸಿ ನೋಡಿದ. ಅವನಿಗೆ ಗಣಿತ ಅಂದರೆ ಆಗುವುದಿಲ್ಲ.

ಇನ್ನೊಂದು ವಿಷಯ. ಕ್ಯಾಟ್ನಿಸ್‌ಳ ಜಿಲ್ಲೆಯ ಕೆಲಸ ಕಲ್ಲಿದ್ದಲು ಅಗೆಯುವುದು. ಆದರೆ ಅಲ್ಲಿ ಕರೆಂಟು ನಂಬುವ ಹಾಗಿರುವುದು ಸಂಜೆ ಕೆಲವೇ ಗಂಟೆ. ಕ್ಯಾಟ್ನಿಸ್ ಹೋದ ಆಟಕ್ಕೆ ಹನ್ನೊಂದನೇ ಜಿಲ್ಲೆಯಿಂದ ರೂ ಅಂತ 12 ವರ್ಷದ ಪುಟ್ಟ ಹುಡುಗಿ ಬಂದಿರುತ್ತಾಳೆ. ಅವರದು ಬೆಳೆ ಬೆಳೆಯುವ ಜಿಲ್ಲೆ. ಹಾಗಾದರೆ ನಿಮಗೆ ಊಟಕ್ಕೆ ತೊಂದರೆ ಇಲ್ಲ ಬಿಡು ಅಂತ ಕ್ಯಾಟ್ನಿಸ್ ಅಂದುಕೊಳ್ಳುತ್ತಾಳೆ. ಇಲ್ಲ, ಬೆಳೆದದ್ದನ್ನು ತಿಂದರೆ ಚಾಟಿಯಲ್ಲಿ ಹೊಡೆಯುತ್ತಾರೆ, ಉಳಿದವರು ನಿಂತು ನೋಡಬೇಕು ಅಂತ ರೂ ಹೇಳುತ್ತಾಳೆ.

ಇಲ್ಲಿ ನಾನು ಕಥೆ ನಿಲ್ಲಿಸಿ ಮಕ್ಕಳಿಗೆ ನನ್ನ ಅಪ್ಪನ ವಿಷಯ ಹೇಳಿದೆ. ಅಪ್ಪ ಕುಂದಾಪುರದ ಕಡೆಯಿಂದ 11ನೇ ವಯಸ್ಸಿಗೆ ಮುಂಬಯಿಗೆ ಬಂದವರು. ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದರು, ಆಮೇಲೆ ಟೇಬಲ್ ಒರೆಸಿದರು, ಆಮೇಲೆ ಸಪ್ಲೈಗೆ ಬಂದರು. ರಾತ್ರಿ ಶಟರ್ ಎಳೆದ ಮೇಲೆ ಟೇಬಲ್‌ಗಳನ್ನು ಜೋಡಿಸಿಕೊಂಡು ಅದರ ಮೇಲೇ ಮಲಗುತ್ತಿದ್ದರು. ಹೊರಗಿನವರಿಗೆ ಅದು ಈ ಗಡಿಬಿಡಿಯ ಊರಲ್ಲಿ ಎಲ್ಲಕ್ಕಿಂತ ಚೊಕ್ಕ ಜಾಗ. ಬಿಸಿ ಇಡ್ಲಿ, ತೊಳೆದ ನೆಲ, ಗಂಧದ ಪರಿಮಳ. ಒಂದು ಇಡೀ ಮಸಾಲೆ ದೋಸೆಯನ್ನು ಕೂತು ತಿನ್ನುವುದಕ್ಕೆ ಮೊದಲು ಎರಡು ವರ್ಷ ಅದನ್ನು ಬೇರೆಯವರ ಮುಂದೆ ಇಟ್ಟಿದ್ದೆ ಅಂತ ಅಪ್ಪ ಹೇಳುತ್ತಿದ್ದರು. ಆ ಹುಡುಗರಿಗೆ ಒಂದೇ ಆಸರೆ, ನಮ್ಮವರು ನಡೆಸುತ್ತಿದ್ದ ಕನ್ನಡ ರಾತ್ರಿ ಶಾಲೆ. ಅಪ್ಪ ಓದಿದ್ದು, ಆಮೇಲೆ ಗುಮಾಸ್ತೆ ಆಗಿದ್ದು, ನಾನು ಇವತ್ತು ಮೈಕಿನ ಮುಂದೆ ಕೂತಿರುವುದು ಎಲ್ಲ ಆ ಶಾಲೆಯಿಂದ.

ಅಪ್ಪನ ಕಥೆ ಕೇಳಿ ಮಕ್ಕಳಿಗೆಲ್ಲ ಹೆಮ್ಮೆಯಾಯಿತು. ನಾವು ಜಿಲ್ಲೆಯವರು, ನಾವು ಕ್ಯಾಟ್ನಿಸ್ ಕಡೆಯವರು ಅಂತ. ನನಗೂ ಹಾಗೇ ಅನ್ನಿಸಿತ್ತು. ಆಗ ಗುಡ್ಡದ ಮೇಲಿನ ಓಣಿಯಿಂದ ಬರುವ ಒಬ್ಬ ಹುಡುಗಿ, ಒಂಬತ್ತನೇ ಕ್ಲಾಸಿನವಳು, ಜಾಸ್ತಿ ಮಾತಾಡುವವಳೂ ಅಲ್ಲ, ಮೆಲ್ಲಗೆ ಕೇಳಿದಳು. "ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತೆ?"

ಭಾಂಡುಪ್‌ನವರಿಗೆ ಈ ಪ್ರಶ್ನೆ ಹೊಸದಲ್ಲ. ಮುಂಬಯಿಗೆ ಬರುವ ನೀರನ್ನು ಶುದ್ಧ ಮಾಡುವ ದೊಡ್ಡ ಘಟಕ ಇರುವುದೇ ನಮ್ಮಲ್ಲಿ. ಆದರೂ ಇಲ್ಲಿನ ಗುಡ್ಡದ ಓಣಿಗಳಿಗೆ ನೀರು ಹತ್ತುವುದು ಕಷ್ಟ. ಬೆಳಗಿನ ಜಾವ ಮೋಟಾರು, ಪೈಪು, ಕ್ಯಾನು ಅಂತ ಓಡಾಟ. ನಗರಪಾಲಿಕೆಯ ಲೆಕ್ಕವೇ ಬಹಳ ವರ್ಷ ಹೀಗಿತ್ತು: ಗುಡಿಸಲಿನವರಿಗೆ ದಿನಕ್ಕೆ ತಲೆಗೆ 45 ಲೀಟರ್, ಕಟ್ಟಡದವರಿಗೆ 135. 2011ರ ಜನಗಣತಿಯಲ್ಲಿ ಈ ಊರಿನ ನೂರರಲ್ಲಿ ಸುಮಾರು 41 ಜನ ಗುಡಿಸಲು ಪ್ರದೇಶದವರು.

ಆದರೆ ಅವಳು ಕೇಳಿದ್ದು ಅದನ್ನಲ್ಲ, ಇನ್ನೂ ಹಿಂದಿನದನ್ನು. ಕಸಾರಾ ಲೋಕಲ್‌ನಲ್ಲಿ ಹೋಗಿ ಆಸನ್‌ಗಾಂವ್‌ನಲ್ಲಿ ಇಳಿದರೆ ಶಹಾಪುರ ತಾಲೂಕು. ತಾನ್ಸಾ, ಮೋಡಕ್ ಸಾಗರ್, ಭಾತ್ಸಾ, ಮುಂಬಯಿ ಕುಡಿಯುವ ದೊಡ್ಡ ಅಣೆಕಟ್ಟುಗಳು ಆ ಕಡೆಯವು. ತಾನ್ಸಾ ಕಟ್ಟಿದ್ದು 1892ರಲ್ಲಿ. ಅಂದರೆ ನೂರಾ ಮೂವತ್ತು ವರ್ಷದ ಮೇಲಾಯಿತು. ಬೇಸಿಗೆ ಬಂದರೆ ಅದೇ ತಾಲೂಕಿನ ಹಳ್ಳಿಗಳಿಗೆ, ಪಾಡಾ ಅನ್ನುವ ಚಿಕ್ಕ ಕೇರಿಗಳಿಗೆ ನೀರು ಟ್ಯಾಂಕರ್‌ನಲ್ಲಿ ಬರಬೇಕು. ಹೆಂಗಸರು ಕೊಡ ಹೊತ್ತು ನಡೆಯಬೇಕು. ನೀರು ಮಾತ್ರ ದೊಡ್ಡ ದೊಡ್ಡ ಪೈಪುಗಳಲ್ಲಿ ಅವರ ಊರು ದಾಟಿ ನಮ್ಮಲ್ಲಿಗೆ ಬರುತ್ತದೆ. ಈ ಕೊನೆಯಲ್ಲೂ ಅದೇ ಕಥೆ. ಊರಿನ ಒಳಗೆ ಪೈಪಿನ ಪಕ್ಕದಲ್ಲೇ ಗುಡಿಸಲು ಕಟ್ಟಿಕೊಂಡಿದ್ದ ಸಾವಿರಾರು ಜನರನ್ನು ತೆಗೆದು, ಮಾಹುಲ್‌ನಲ್ಲಿ ತೈಲ ಶುದ್ಧೀಕರಣ ಘಟಕಗಳ ಪಕ್ಕದ ಕಟ್ಟಡಗಳಿಗೆ ಕಳಿಸಿದರು.

ಕಲ್ಲಿದ್ದಲಿನ ಊರಲ್ಲಿ ಕತ್ತಲೆ. ಅಣೆಕಟ್ಟಿನ ಊರಲ್ಲಿ ಟ್ಯಾಂಕರ್.

ಎಂಟನೇ ಮಹಡಿಯ ಹುಡುಗನ ಮುಖ ಕೆಂಪಾಯಿತು. "ಹಾಗಾದ್ರೆ ನಾವು ಕ್ಯಾಪಿಟಲ್‌ನವರಾ?" ಅಂದ. ಅವನಿಗೆ ನಿಜವಾಗಿಯೂ ನೋವಾಗಿತ್ತು. ನಾವು ಕೆಟ್ಟವರಲ್ಲ, ನಮ್ಮಮ್ಮ ಕೆಲಸಕ್ಕೆ ಬರುವ ಅಕ್ಕನಿಗೆ ದಿನಾ ಚಹಾ ಕೊಡ್ತಾಳೆ ಅಂದ. ಗುಡ್ಡದ ಹುಡುಗಿ ಏನೂ ಹೇಳಲಿಲ್ಲ. ಅವಳ ಅಮ್ಮ ಬೇರೆ ಒಂದು ದೊಡ್ಡ ಟವರ್‌ನಲ್ಲಿ ಅಡುಗೆ ಮಾಡುತ್ತಾರೆ, ಅಲ್ಲಿ ಕೆಲಸದವರ ಲಿಫ್ಟ್ ಬೇರೆ. ಅದು ಕೆಟ್ಟುಹೋದ ದಿನ ಮೆಟ್ಟಿಲು ಹತ್ತಬೇಕು.

ಆಗ ನನಗೆ ಆ ಪುಸ್ತಕದ ಒಂದು ಪುಟ್ಟ ಭಾಗ ಅರ್ಥವಾಯಿತು. ಕ್ಯಾಟ್ನಿಸ್‌ಳನ್ನು ಅಲಂಕಾರ ಮಾಡಲು ಕ್ಯಾಪಿಟಲ್‌ನ ಮೂವರು ಇರುತ್ತಾರೆ. ಅವರು ರಾಕ್ಷಸರಲ್ಲ. ಅವಳನ್ನು ಕಂಡರೆ ಅವರಿಗೆ ಅಕ್ಕರೆ. ಅವಳು ಬದುಕಿ ಬಂದ ಮೇಲೆ ಮೂವರೂ ಒಂದೇ ಸಮನೆ ಆಟದ ವಿಷಯ ಮಾತಾಡುತ್ತಾರೆ, ಆದರೆ ಮಾತೆಲ್ಲ ಅದನ್ನು ನೋಡುವಾಗ ತಾವು ಎಲ್ಲಿದ್ದೆವು, ಏನು ಮಾಡುತ್ತಿದ್ದೆವು, ತಮಗೆ ಹೇಗನ್ನಿಸಿತು ಅನ್ನುವುದರ ಬಗ್ಗೆ. ಸತ್ತ ಮಕ್ಕಳ ಬಗ್ಗೆ ಒಂದು ಮಾತಿಲ್ಲ. ಒಳ್ಳೆಯವರೇ, ಆದರೆ ಕಣ್ಣಿಗೆ ಕಾಣುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಪಾನೆಮ್‌ನ ಅಧ್ಯಕ್ಷನಿಗಿಂತ ಹೆದರಿಕೆ ಹುಟ್ಟಿಸುವವರು ಈ ಮೂವರು. ಅಧ್ಯಕ್ಷ ನಾನಾಗಲಾರೆ. ಇವರಲ್ಲಿ ಒಬ್ಬಳು ನಾನು ದಿನಾ ಆಗಿರುತ್ತೇನೆ.

ಆಮೇಲೆ ಇದೇ ಜಾಡಿನಲ್ಲಿ ಬಂದ ಎಷ್ಟೋ ಪುಸ್ತಕಗಳನ್ನು ಮಕ್ಕಳು ತಂದರು. ಬಹಳಷ್ಟು ನನಗೆ ಹಿಡಿಸಲಿಲ್ಲ. ನಾಯಕಿಗೆ ಬೇರೆ ಯಾರಿಗೂ ಇಲ್ಲದ ಒಂದು ಶಕ್ತಿ ಇರುತ್ತದೆ, ಹಿಂದೆ ಮುಂದೆ ಇಬ್ಬರು ಹುಡುಗರು, ಊರ ಸುತ್ತ ಒಂದು ಗೋಡೆ, ಮೂರನೇ ಭಾಗದಲ್ಲಿ ಗೋಡೆ ಬೀಳುತ್ತದೆ. ಓದುವವರು ಮೊದಲ ಪುಟದಿಂದ ಕೊನೆಯವರೆಗೆ ನಾಯಕಿಯ ಪಕ್ಕ ಹಾಯಾಗಿ ಕೂತಿರಬಹುದು. ಒಂದು ಸಲವೂ ಜಾಗ ಬಿಟ್ಟು ಏಳಬೇಕಿಲ್ಲ. ನಮ್ಮ ಊರಿಗೆ ಅಂಥ ಗೋಡೆ ಎಲ್ಲಿದೆ ಹೇಳಿ? ಆಟೋ ಬಾಂದ್ರಾದಲ್ಲಿ, ಸಯಾನ್‌ನಲ್ಲಿ ನಿಲ್ಲುತ್ತದೆ, ಅಲ್ಲಿಂದ ಮುಂದೆ ಊರಿನ ದಕ್ಷಿಣ ಭಾಗಕ್ಕೆ ಅದಕ್ಕೆ ಪ್ರವೇಶ ಇಲ್ಲ. 2009ರಲ್ಲಿ ತೆರೆದ ಸೀ ಲಿಂಕ್ ಅನ್ನುವ ಸಮುದ್ರ ಸೇತುವೆಯ ಮೇಲೆ ಕಾರು ಹೋಗುತ್ತದೆ, ಬೈಕು ಹೋಗುವಂತಿಲ್ಲ. ಲೋಕಲ್ ಟ್ರೈನಿನ ಹೆಂಗಸರ ಡಬ್ಬಿಯಲ್ಲಿ ಫಸ್ಟ್ ಕ್ಲಾಸಿಗೂ ಸೆಕೆಂಡ್ ಕ್ಲಾಸಿಗೂ ನಡುವೆ ಒಂದು ಜಾಲರಿ. ಆ ಕಡೆಯವರ ಬೆವರು, ಮಾತು, ಮಲ್ಲಿಗೆ ಎಲ್ಲ ಈ ಕಡೆಗೆ ಬರುತ್ತದೆ. ಎಲ್ಲ ಕಾಣುವ ಹಾಗೇ ಇದೆ. ನಮ್ಮ ಊರಿನ ಹುಳುಕಿನ ಕಥೆ ಬರೆಯುವವರು ಗೋಡೆ ಬಿಟ್ಟು ಆ ಜಾಲರಿಯಿಂದ ಶುರು ಮಾಡಬೇಕು ಅಂತ ನನ್ನ ಆಸೆ.

ಆ ಗುಡ್ಡದ ಹುಡುಗಿ ಶುರು ಮಾಡಿದ್ದಾಳೆ. ಎರಡು ವಾರದ ಹಿಂದೆ ನೋಟ್‌ಬುಕ್‌ನ ನಾಲ್ಕು ಪುಟ ಓದಿದಳು. ಅವಳ ಅನುಮತಿ ಕೇಳಿಯೇ ಹೇಳುತ್ತಿದ್ದೇನೆ. ಅವಳ ಊರಲ್ಲಿ ಎಲ್ಲ ಮನೆಗೂ ದಿನದ 24 ಗಂಟೆ ನೀರು. ಗುಡ್ಡದ ಮೇಲೂ. ಜನ ನಲ್ಲಿ ನಿಲ್ಲಿಸುವುದನ್ನೇ ಮರೆತಿದ್ದಾರೆ. ಒಂದು ಬೆಳಿಗ್ಗೆ ಒಬ್ಬ ಹುಡುಗ ಹಲ್ಲುಜ್ಜುವಾಗ ನಲ್ಲಿಯೊಳಗಿಂದ ನೀರಿನ ಜೊತೆ ಒಂದು ಸದ್ದು ಬರುತ್ತದೆ. ಕೊಡಕ್ಕೆ ಕೊಡ ತಾಗುವ ಸದ್ದು. ಮರುದಿನ ಹೆಂಗಸರ ಮಾತು, ದೂರದಿಂದ. ನೀರು ಮಾತ್ರ ಸ್ವಚ್ಛವಾಗಿಯೇ ಇದೆ. ಊರಿನವರು ಸಭೆ ಸೇರಿ, ಸದ್ದು ನಿಲ್ಲಿಸಲು ಪ್ಲಂಬರ್‌ನನ್ನು ಕರೆಸುತ್ತಾರೆ.

ಅಷ್ಟಕ್ಕೆ ನಿಂತಿದೆ. ಎಂಟನೇ ಮಹಡಿಯ ಹುಡುಗ ಆಮೇಲೆ ಏನಾಯಿತು ಅಂತ ಅವಳನ್ನು ದಿನಾ ಮೆಟ್ಟಿಲ ಹತ್ತಿರ ಹಿಡಿದು ಕೇಳುತ್ತಿದ್ದಾನೆ. ಈ ಶನಿವಾರ ಮುಂದಿನ ಭಾಗ ತರುತ್ತೇನೆ ಅಂದಿದ್ದಾಳೆ. ಪ್ಲಂಬರ್ ಯಾವ ಊರಿನವನು ಅನ್ನುವುದು ಅವಳಿಗೆ ಇನ್ನೂ ನಿಕ್ಕಿಯಾಗಿಲ್ಲವಂತೆ.

ನಮಸ್ಕಾರ.