ಬೀದಿಯ ಒಂದು ಕ್ಷಣ ಕಥೆಯಾಗುವುದು ಹೇಗೆ?

(ತೆರೆಯ ಮೇಲೆ: 1838ರ ಪ್ಯಾರಿಸ್ ರಸ್ತೆಯ ಚಿತ್ರ, ನಿಧಾನವಾಗಿ ಕೆಳಗಿನ ಎಡಮೂಲೆಗೆ ಹತ್ತಿರವಾಗಬೇಕು)

ನಮಸ್ಕಾರ. ನೀವೀಗ ನೋಡುತ್ತಿರುವುದು ಛಾಯಾಗ್ರಹಣಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಲೂಯಿ ಡಗೇರ್ 1838ರಲ್ಲಿ ಪ್ಯಾರಿಸ್ಸಿನ ಬುಲೆವಾರ್ ದು ತಾಂಪ್ಲ್ ಎಂಬ ರಸ್ತೆಯನ್ನು ಎತ್ತರದ ಕಿಟಕಿಯೊಂದರಿಂದ ಸೆರೆಹಿಡಿದ ಚಿತ್ರ. ಜನರೂ ಗಾಡಿಗಳೂ ಓಡಾಡುತ್ತಿದ್ದ ರಸ್ತೆಯೇ ಆದರೂ ಚಿತ್ರದಲ್ಲಿ ಅದು ಬಿಕೋ ಎನ್ನುತ್ತಿದೆ. ಆ ಕಾಲದಲ್ಲಿ ಫಲಕದ ಮೇಲೆ ಬಿಂಬ ಮೂಡಲು ಹಲವು ನಿಮಿಷಗಳೇ ಬೇಕಾಗುತ್ತಿದ್ದುದರಿಂದ, ನಡೆದುಹೋದವರ ಗುರುತು ಅದರಲ್ಲಿ ಉಳಿಯಲಿಲ್ಲ. ಉಳಿದದ್ದು ಈ ಮೂಲೆಯಲ್ಲಿ ಒಂದು ಕಾಲನ್ನು ಮೇಲಕ್ಕಿಟ್ಟು, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿರುವಂತೆ ತೋರುವ ಒಬ್ಬ ವ್ಯಕ್ತಿ ಮತ್ತು ಅವನ ಕಾಲ ಬಳಿ ಮಸುಕಾಗಿ ಕಾಣುವ ಇನ್ನೊಬ್ಬ. ಮನುಷ್ಯರೂಪ ಮೂಡಿದ ಅತ್ಯಂತ ಹಳೆಯ ಛಾಯಾಚಿತ್ರವೆಂದು ಸಾಮಾನ್ಯವಾಗಿ ಇದನ್ನೇ ಹೆಸರಿಸುತ್ತಾರೆ. ಅವರಿಬ್ಬರೂ ಯಾರೆಂದು ತಿಳಿದವರಿಲ್ಲ. ಆದರೂ ಇಡೀ ಚಿತ್ರದಲ್ಲಿ ನಮ್ಮ ಕಣ್ಣು ಹೋಗಿ ನಿಲ್ಲುವುದು ಅಲ್ಲಿಯೇ, ಏಕೆಂದರೆ ಅಲ್ಲಿ ಇಬ್ಬರ ನಡುವೆ ಏನೋ ನಡೆಯುತ್ತಿದೆ.

ಸ್ಟ್ರೀಟ್ ಫೋಟೋಗ್ರಫಿಯ, ಅಂದರೆ ಬೀದಿಯ ಬದುಕನ್ನು ಇದ್ದಂತೆಯೇ ಸೆರೆಹಿಡಿಯುವ ಕಲೆಯ, ಬಗ್ಗೆ ನಾನು ಹೇಳಬೇಕೆಂದಿರುವುದೆಲ್ಲ ಈ 'ನಡುವೆ' ಎಂಬುದರಲ್ಲಿಯೇ ಇದೆ. ಬೀದಿಯಲ್ಲಿ ಆಕರ್ಷಕವಾಗಿ ಕಾಣುವ ಮುಖವನ್ನು ಹುಡುಕಿ ತೆಗೆದರೆ ಒಳ್ಳೆಯ ಭಾವಚಿತ್ರ ಸಿಗಬಹುದು. ಆದರೆ ಕಥೆ ಹುಟ್ಟಬೇಕಾದರೆ ಚೌಕಟ್ಟಿನೊಳಗೆ ಕನಿಷ್ಠ ಎರಡು ಸಂಗತಿಗಳಿರಬೇಕು, ಅವು ಒಂದಕ್ಕೊಂದು ಏನನ್ನಾದರೂ ಹೇಳುತ್ತಿರಬೇಕು.

(ತೆರೆಯ ಮೇಲೆ: ಬಸ್ ನಿಲ್ದಾಣದ ದೃಶ್ಯ)

ಒಂದು ಬಸ್ ನಿಲ್ದಾಣವನ್ನೇ ನೋಡೋಣ. ಸಾಲಾಗಿ ನಿಂತವರೆಲ್ಲ ಬಸ್ಸು ಬರುವ ದಿಕ್ಕಿಗೆ ಕತ್ತು ಚಾಚಿದ್ದಾರೆ, ಒಬ್ಬಾಕೆ ಮಾತ್ರ ಎದುರು ದಿಕ್ಕಿಗೆ ತಿರುಗಿದ್ದಾಳೆ. ಆಕೆಯ ಒಂದು ಕೈಯಲ್ಲಿ ಮಡಚಿ ಮಡಚಿ ಅಂಚು ಸವೆದ ಚೀಟಿಯಿದೆ. ಇನ್ನೊಂದು ಕೈ ಹೆಗಲ ಚೀಲದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿದೆ. ಆಕೆ ಯಾರಿಗಾಗಿ ಕಾಯುತ್ತಿದ್ದಾಳೋ ನಮಗೆ ಗೊತ್ತಿಲ್ಲ, ಚಿತ್ರ ಅದನ್ನು ಹೇಳುವುದೂ ಇಲ್ಲ. ಆಕೆಯ ಮುಖವನ್ನಷ್ಟೇ ಹತ್ತಿರದಿಂದ ತೆಗೆದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಉಳಿದವರ ಕತ್ತುಗಳೂ ಆ ಚೀಟಿಯೂ ಚೌಕಟ್ಟಿನೊಳಗೆ ಇರುವುದರಿಂದಲೇ ನೋಡುಗ ಒಂದು ಗಳಿಗೆ ನಿಂತು ಯೋಚಿಸುತ್ತಾನೆ. ಆದ್ದರಿಂದ ಹೊಸಬರಿಗೆ ನಾನು ಮೊದಲು ಹೇಳುವುದು ಕೈಗಳನ್ನು ನೋಡಿ ಎಂದು. ಕ್ಯಾಮೆರಾ ಕಂಡೊಡನೆ ಮುಖ ಬಿಗಿದುಕೊಳ್ಳುತ್ತದೆ, ಕೈಗಳು ತಮ್ಮ ಪಾಡಿಗೆ ತಾವು ಇರುತ್ತವೆ.

(ತೆರೆಯ ಮೇಲೆ: ಸೇಂಟ್ ಲಜಾರ್ ಚಿತ್ರ)

ಈಗ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೇ-ಬ್ರೆಸಾನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಭಾಗದಲ್ಲಿ ತೆಗೆದ ಚಿತ್ರವನ್ನು ಗಮನಿಸಿ. ನಿಂತ ನೀರಿನಲ್ಲಿ ಬಿದ್ದಿರುವ ಏಣಿಯ ಮೇಲಿಂದ ಒಬ್ಬಾತ ಮುಂದಕ್ಕೆ ಜಿಗಿದಿದ್ದಾನೆ, ಅವನ ಹಿಮ್ಮಡಿ ನೀರಿಗೆ ತಾಗಲು ಕೂದಲೆಳೆಯಷ್ಟೇ ಬಾಕಿಯಿದೆ. ಈ ಚಿತ್ರವನ್ನು ಹೊಗಳುವವರೆಲ್ಲ ಆ ಜಿಗಿತದ ಬಗ್ಗೆಯೇ ಮಾತನಾಡುತ್ತಾರೆ. ನನ್ನ ಕಣ್ಣಿಗೆ ಅಷ್ಟೇ ಮುಖ್ಯವಾದದ್ದು ಹಿಂದಿನ ಗೋಡೆಯ ಮೇಲಿರುವ ಪೋಸ್ಟರು: ಅದರಲ್ಲಿ ನರ್ತಕಿಯೊಬ್ಬಳು ಅವನಂತೆಯೇ ಕಾಲು ಚಾಚಿ ಎದುರು ದಿಕ್ಕಿಗೆ ಹಾರುತ್ತಿದ್ದಾಳೆ. ಕೆಳಗೆ ನೀರಿನಲ್ಲಿ ಅವನ ಪ್ರತಿಬಿಂಬ, ಹಿಂದೆ ಗೋಡೆಯ ಮೇಲೆ ಅವನದೇ ಭಂಗಿ. ಹೀಗೆ ಒಂದೇ ಹಾರಾಟ ಮೂರು ಕಡೆ ಕಾಣುತ್ತದೆ. ಬೇಲಿಯ ಹಲಗೆಗಳ ಸಂದಿಯಿಂದ ತೆಗೆದ ಈ ಚಿತ್ರದ ಅಂಚನ್ನು ಮುದ್ರಿಸುವಾಗ ಕತ್ತರಿಸಬೇಕಾಯಿತು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಂತಹ ಪುಟ್ಟ ಕ್ಯಾಮೆರಾ ಇರದಿದ್ದರೆ, ಸ್ಟ್ಯಾಂಡು ನಿಲ್ಲಿಸಿ ಇಂಥ ಕ್ಷಣವನ್ನು ಹಿಡಿಯುವುದು ಬಹಳ ಕಷ್ಟವಾಗುತ್ತಿತ್ತು.

ಇಂಥ ಹೊಂದಾಣಿಕೆ ಒದಗಿಬರಬೇಕಾದರೆ ಜನರ ಹಿಂದೆ ಓಡುವುದನ್ನು ಬಿಟ್ಟು, ಹಿನ್ನೆಲೆಯನ್ನು ಮೊದಲು ಆರಿಸಿಕೊಳ್ಳಬೇಕು. ಗೋಡೆಯ ಮೇಲೆ ಬಿದ್ದ ಬಿಸಿಲಿನ ತುಂಡು, ಅರ್ಧ ಹರಿದ ಜಾಹೀರಾತು, ಗಾಜಿನಲ್ಲಿ ಮೂಡುವ ಪ್ರತಿಬಿಂಬ, ಮೆಟ್ಟಿಲುಗಳ ನೆರಳು, ಹೀಗೆ ಯಾವುದಾದರೂ ಸರಿ. ಚೌಕಟ್ಟನ್ನು ಹೊಂದಿಸಿಕೊಂಡು, ಅದರೊಳಕ್ಕೆ ಯಾರು ಹೆಜ್ಜೆಯಿಟ್ಟರೆ ಆ ಹಿನ್ನೆಲೆಗೆ ಅರ್ಥ ಬರುತ್ತದೆಂದು ಯೋಚಿಸುತ್ತ ಕಾಯಬೇಕು. ಬಹಳ ಸಲ ಯಾರೂ ಬರುವುದಿಲ್ಲ. ಬಂದಾಗ ಮಾತ್ರ ಕ್ಯಾಮೆರಾದ ಜೊತೆ ಗುದ್ದಾಡುತ್ತ ನಿಲ್ಲುವಂತಿರಬಾರದು. ಹಾಗಾಗಿ ತಾಂತ್ರಿಕ ಹೊಂದಾಣಿಕೆಯನ್ನು ಮೊದಲೇ ಮುಗಿಸಿಕೊಳ್ಳಿ. ನಡೆಯುವವರು ಮಸುಕಾಗದಂತೆ ಬರಲು ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಅವಧಿ, ಸಾಮಾನ್ಯವಾಗಿ ಸೆಕೆಂಡಿನ 250ನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆಯಿರಲಿ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ (ಬೆಳಕನ್ನು ಗ್ರಹಿಸುವ ಫಲಕದ) ಕ್ಯಾಮೆರಾದಲ್ಲಿ 35 ಮಿಲಿಮೀಟರ್ ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕು ಒಳಬರುವ ರಂಧ್ರವನ್ನು, ಎಫ್ 8ರ ಅಳತೆಗೆ ಇಟ್ಟು, ಫೋಕಸನ್ನು 3 ಮೀಟರಿಗೆ ನಿಲ್ಲಿಸಿದರೆ, ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಇರುವುದೆಲ್ಲ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಮೊಬೈಲಿನಲ್ಲಿ ತೆಗೆಯುವವರು ಈ ಲೆಕ್ಕವನ್ನು ಮರೆಯಬಹುದು. ಅದರ ಚಿಕ್ಕ ಸೆನ್ಸರಿನಿಂದಾಗಿ ಮುಂದಿನದೂ ಹಿಂದಿನದೂ ಸಹಜವಾಗಿಯೇ ಸ್ಪಷ್ಟವಾಗಿರುತ್ತದೆ.

ಅಪರಿಚಿತರ ಚಿತ್ರ ತೆಗೆಯುವ ಅಳುಕಿನ ಬಗ್ಗೆಯೂ ಹೇಳಲೇಬೇಕು. ಆ ಅಳುಕು ಇರುವುದು ಒಳ್ಳೆಯದೆಂದೇ ನನ್ನ ನಂಬಿಕೆ. ಸಾರ್ವಜನಿಕ ಸ್ಥಳದಲ್ಲಿ ಚಿತ್ರ ತೆಗೆಯುವ ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಅದನ್ನು ತಿಳಿದುಕೊಂಡೇ ಹೊರಡಬೇಕು. ಆದರೆ ಕಾನೂನು ಅನುಮತಿಸಿದ್ದನ್ನೆಲ್ಲ ತೆಗೆಯಬಹುದೆಂದು ನಾನು ಒಪ್ಪುವುದಿಲ್ಲ. ಒಬ್ಬರು ಅಳುತ್ತಿರುವಾಗ, ಬೀದಿಯಲ್ಲಿ ಮಲಗಿರುವಾಗ, ಕುಸಿದು ಬಿದ್ದಿರುವಾಗ ಅವರು ನಮಗೆ ಸುಲಭವಾಗಿ ಸಿಗುತ್ತಾರೆ, ಅದಕ್ಕಾಗಿಯೇ ಕೈ ತಡೆಯಬೇಕು. ಯಾರಾದರೂ ಬೇಡವೆಂದು ಕೈಯಾಡಿಸಿದರೆ ಕ್ಯಾಮೆರಾ ಕೆಳಗಿಳಿಯಬೇಕು, ತೆಗೆದುಬಿಟ್ಟಿದ್ದರೆ ಅವರೆದುರೇ ಅಳಿಸಬೇಕು.

(ತೆರೆಯ ಮೇಲೆ: ಹಲವು ಚಿತ್ರಗಳು ಒಟ್ಟಿಗೆ ಕಾಣುವ ಪರದೆ)

ಕೊನೆಯ ಕೆಲಸ ಆಯ್ಕೆ. ನ್ಯೂಯಾರ್ಕಿನ ಬೀದಿಗಳಲ್ಲಿ ಚಿತ್ರ ತೆಗೆಯುತ್ತಿದ್ದ ಗ್ಯಾರಿ ವಿನೋಗ್ರಾಂಡ್ ತಮ್ಮ ಫಿಲ್ಮುಗಳನ್ನು ಬೇಕೆಂದೇ ತಡಮಾಡಿ ಸಂಸ್ಕರಿಸುತ್ತಿದ್ದರು. ತೆಗೆದ ದಿನದ ಉತ್ಸಾಹವೋ ಬೇಸರವೋ ಮರೆತ ಮೇಲೆ, ಚಿತ್ರದಲ್ಲಿ ನಿಜವಾಗಿ ಇರುವುದಷ್ಟೇ ಕಾಣುತ್ತದೆಂಬುದು ಅವರ ಎಣಿಕೆಯಾಗಿತ್ತು. 1984ರಲ್ಲಿ ಅವರು ತೀರಿಕೊಂಡಾಗ ಸುಮಾರು 2,500 ರೋಲುಗಳು ಸಂಸ್ಕರಣೆಯಾಗದೆ ಉಳಿದಿದ್ದವು. ನಾವು ಅಷ್ಟು ದೂರ ಹೋಗಬೇಕಿಲ್ಲ. ತೆಗೆದ ಸಂಜೆಯೇ ಚಿತ್ರ ಹಂಚಿಕೊಳ್ಳುವ ಅಭ್ಯಾಸವನ್ನು ಬಿಟ್ಟು, ಕೆಲವು ವಾರ ಅವನ್ನು ಹಾಗೆಯೇ ಇಟ್ಟು ನೋಡಿದರೆ ಸಾಕು. ಬಿಸಿಲಲ್ಲಿ ಅಲೆದ ಶ್ರಮಕ್ಕಾಗಿ ಉಳಿಸಿಕೊಂಡ ಚಿತ್ರ ಯಾವುದು, ಅದರೊಳಗೆ ಏನೋ ನಡೆಯುತ್ತಿದೆ ಎಂಬ ಕಾರಣಕ್ಕೆ ಉಳಿಯಬೇಕಾದ ಚಿತ್ರ ಯಾವುದು ಎಂಬುದು ಆಗ ತಾನಾಗಿ ಬೇರೆಯಾಗುತ್ತದೆ. ಆರಿಸಿದ ಚಿತ್ರದ ಕೆಳಗೆ ದೀರ್ಘ ವಿವರಣೆಯನ್ನಾಗಲಿ, 'ಬದುಕಿನ ಹೋರಾಟ' ಎಂಬಂಥ ಶೀರ್ಷಿಕೆಯನ್ನಾಗಲಿ ದಯವಿಟ್ಟು ಬರೆಯಬೇಡಿ. ನೋಡುಗನ ಪ್ರಶ್ನೆಗೆ ನಾವೇ ಉತ್ತರ ಕೊಟ್ಟರೆ ಅವನಿಗೆ ಆ ಚಿತ್ರದ ಮುಂದೆ ನಿಲ್ಲಲು ಕಾರಣವೇ ಉಳಿಯುವುದಿಲ್ಲ. ಸ್ಥಳದ ಹೆಸರು ಮತ್ತು ಇಸವಿ ಇದ್ದರೆ ಸಾಕು.