ತಣ್ಣಗಿಟ್ಟರೆ ಬಾಳುವ ಸಿಲಿಕಾನ್

ಕೇಳುಗರಿಗೆ ನಮಸ್ಕಾರ. ಜಿನೀವಾದ ಬಳಿ ನೆಲದಡಿಯಲ್ಲಿ ಕಣ ಭೌತವಿಜ್ಞಾನದ ಸಂಶೋಧನೆ ನಡೆಸುವ ಸರ್ನ್ ಸಂಸ್ಥೆಯ ವೇಗವರ್ಧಕವಿದೆ, ಎಂದರೆ ಕಣಗಳನ್ನು ಅತಿ ವೇಗವಾಗಿ ಓಡಿಸುವ ಯಂತ್ರ. ಅದರ ಸುತ್ತಳತೆ 27 ಕಿಲೋಮೀಟರ್. ಅಲ್ಲಿ ಪ್ರೋಟಾನುಗಳು ಡಿಕ್ಕಿ ಹೊಡೆದಾಗ ಸಿಡಿಯುವ ಕಣಗಳ ಜಾಡನ್ನು ಮೊಟ್ಟಮೊದಲು ಹಿಡಿಯುವುದು ಸಿಲಿಕಾನ್ ಪಿಕ್ಸೆಲ್ ಸಂವೇದಕ, ಎಂದರೆ ಪುಟ್ಟ ಪುಟ್ಟ ಮನೆಗಳಾಗಿ ವಿಂಗಡಿಸಿದ ಸಿಲಿಕಾನ್ ಹಾಳೆ. ಅಲ್ಲಿನ ದೊಡ್ಡ ಪ್ರಯೋಗಗಳಲ್ಲಿ ಒಂದಾದ ಅಟ್ಲಾಸಿಗೆ 2014ರಲ್ಲಿ ಸೇರಿಸಿದ ಸಂವೇದಕಗಳ ಒಳಪದರವು ಡಿಕ್ಕಿಯ ಪಥದಿಂದ ಕೇವಲ 3.3 ಸೆಂಟಿಮೀಟರ್ ದೂರದಲ್ಲಿದೆ.

ಅಷ್ಟು ಹತ್ತಿರವಿಟ್ಟರೆ ಹಾಳಾಗುವುದಿಲ್ಲವೇ ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಹಾಳಾಗುತ್ತದೆ. ಹಾಳಾದ ಮೇಲೂ ಅದರಿಂದ ಕೆಲಸ ತೆಗೆಯುವುದೇ ನಮ್ಮ ವಿದ್ಯೆ, ಅದರ ಗುಟ್ಟು ಒಂದೇ: ತಣ್ಣಗಿಡಬೇಕು.

ಸಿಲಿಕಾನ್ ಹರಳಿನಲ್ಲಿ ಪರಮಾಣುಗಳು ಅಡಿಕೆ ತೋಟದ ಮರಗಳಂತೆ ಸಾಲಾಗಿ ನಿಂತಿರುತ್ತವೆ. ವೇಗದ ಕಣವೊಂದು ಬಡಿದರೆ ಪರಮಾಣು ಕಿತ್ತು ಹೋಗಿ, ಅದರ ಜಾಗ ಖಾಲಿ ಉಳಿಯುತ್ತದೆ. ಇಂಥ ದೋಷಗಳು, ಕಣ ಹಾದುಹೋದ ಸಂಕೇತವನ್ನು ಹೊತ್ತೊಯ್ಯುವ ಎಲೆಕ್ಟ್ರಾನುಗಳನ್ನು ನಡುವೆಯೇ ಹಿಡಿದುಕೊಳ್ಳುತ್ತವೆ, ಬೇಡದ ಸೋರಿಕೆ ವಿದ್ಯುತ್ತನ್ನೂ ಹುಟ್ಟಿಸುತ್ತವೆ. ಬೆಚ್ಚಗಾದರಂತೂ ದೋಷಗಳೇ ಹರಳಿನೊಳಗೆ ಚಲಿಸಿ, ಒಂದಕ್ಕೊಂದು ಸೇರಿ, ಹೊಸ ದೋಷಗಳಾಗುತ್ತವೆ.

ನಮ್ಮ ಪ್ರಯೋಗಾಲಯದಲ್ಲಿ ನಡೆದ ಪ್ರಸಂಗವೊಂದನ್ನು ಹೇಳಲೇಬೇಕು. ವಿಕಿರಣಕ್ಕೆ ಒಡ್ಡಿದ ಸಂವೇದಕವನ್ನು ಅಳೆಯುವ ಮುನ್ನ 60 ಡಿಗ್ರಿಯಲ್ಲಿ 80 ನಿಮಿಷ ಕಾಯಿಸುವುದು ವಾಡಿಕೆ, ಏಕೆಂದರೆ ಅಷ್ಟೇ ಹೊತ್ತಿನ ಕಾವು ಒಳ್ಳೆಯದನ್ನೇ ಮಾಡುತ್ತದೆ. ಒಬ್ಬ ಸಂಶೋಧನಾ ವಿದ್ಯಾರ್ಥಿ ಶನಿವಾರ ಮಧ್ಯಾಹ್ನ ಅದನ್ನು ಒಲೆಯಲ್ಲಿಟ್ಟು, ಗಡಿಯಾರ ಹೊಂದಿಸುವುದನ್ನು ಮರೆತು, ಊರಿಗೆ ಹೊರಟುಹೋದ. ಸೋಮವಾರ ಬಂದು ಅಳೆದಾಗ ಸೋರಿಕೆ ವಿದ್ಯುತ್ ಚೆನ್ನಾಗಿ ತಗ್ಗಿತ್ತು. "ಸರ್, ಮರೆತದ್ದೇ ಒಳ್ಳೆಯದಾಯಿತು" ಎಂದು ಓಡಿ ಬಂದ. ಸಂವೇದಕದ ಪೂರ್ಣ ದಪ್ಪ ಕೆಲಸ ಮಾಡಬೇಕಾದರೆ ಅದಕ್ಕೆ ಸಾಕಷ್ಟು ವೋಲ್ಟೇಜ್ ಕೊಡಬೇಕು. ವೋಲ್ಟೇಜ್ ಏರಿಸಿ ನೋಡಪ್ಪಾ ಎಂದೆ. ಏರಿಸುತ್ತ ಹೋದ, ಮೊದಲು ಸಾಕಾಗುತ್ತಿದ್ದ ವೋಲ್ಟೇಜನ್ನು ದಾಟಿದ, ಆದರೂ ಸಂವೇದಕದ ಪೂರ್ಣ ದಪ್ಪ ಕೆಲಸಕ್ಕೆ ಬರಲಿಲ್ಲ. ಕಾವು ಹೆಚ್ಚು ಹೊತ್ತು ಸಿಕ್ಕಿದರೆ ಒಂದು ಕಡೆ ಲಾಭ, ಇನ್ನೊಂದು ಕಡೆ ಹಾನಿ. ಆ ಹಾನಿಯನ್ನು ಮರಳಿ ಸರಿಪಡಿಸಲಾಗದು.

ಆದುದರಿಂದಲೇ ಡಿಕ್ಕಿಗಳು ನಿಂತಿರುವ ತಿಂಗಳುಗಳಲ್ಲೂ ಸಂವೇದಕಗಳನ್ನು ಸೊನ್ನೆಯ ಕೆಳಗಿನ ಉಷ್ಣತೆಯಲ್ಲೇ ಇಡುತ್ತಾರೆ. ಆಗಲಾದರೂ ಶೀತಕವನ್ನು ನಿಲ್ಲಿಸಿ ವಿದ್ಯುತ್ ಉಳಿಸಬಾರದೇ ಎಂದು ಕೇಳುವವರಿಗೆ ನಾನು ಮತ್ತೆ ಹೇಳುವುದು ಇಷ್ಟೇ: ತಣ್ಣಗಿಡಬೇಕು.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಭೌತವಿಜ್ಞಾನಿ ಶೆರ್ವುಡ್ ಪಾರ್ಕರ್ ಮತ್ತು ಸಂಗಡಿಗರು 1997ರಲ್ಲಿ, ಸಂಕೇತವನ್ನು ಎತ್ತಿಕೊಳ್ಳುವ ಎಲೆಕ್ಟ್ರೋಡುಗಳನ್ನು ಸಿಲಿಕಾನಿನ ದಪ್ಪದೊಳಕ್ಕೇ ಕಂಬಗಳಂತೆ ಇಳಿಸುವ ವಿನ್ಯಾಸವನ್ನು ಪ್ರಕಟಿಸಿದರು. ಇದರಿಂದ ಎಲೆಕ್ಟ್ರಾನು ಸಾಗಬೇಕಾದ ದಾರಿ ಗಿಡ್ಡವಾಗಿ, ನಡುವೆ ಸಿಕ್ಕಿಬೀಳುವುದು ಕಡಿಮೆಯಾಗುತ್ತದೆ. ಅಟ್ಲಾಸಿನ ಒಳಪದರದ ಒಂದು ಭಾಗ ಇಂಥದ್ದೇ. ಮುಂದಿನ ಹಂತದ ವೇಗವರ್ಧಕದಲ್ಲಿ ಅತ್ಯಂತ ಒಳಗಿನ ಸಂವೇದಕಗಳು ಪ್ರತಿ ಚದರ ಸೆಂಟಿಮೀಟರಿಗೆ ನೂರು ಕೋಟಿ ಕೋಟಿಗೂ ಹೆಚ್ಚು ಕಣಗಳ ಪೆಟ್ಟನ್ನು ತಾಳಬೇಕು. ಅಲ್ಲೂ ಇದೇ ವಿನ್ಯಾಸ ಬರಲಿದೆ, ಅದಕ್ಕೂ ಶೀತ ಬೇಕೇ ಬೇಕು. ನಮಸ್ಕಾರ.